ಬಣ್ಣವಿಲ್ಲದ ಎಸಳು

ದೆವ್ವ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಕಾಫಿ ಮಾಡಿಕೊಳ್ಳಲು ಒಳಗೆ ಹೋಗುತ್ತಿದ್ದವನು ನಾನು. ನೈರೋಬಿಯ ಕಾಲೇಜಿನಲ್ಲಿ ವರ್ಷಗಟ್ಟಲೆ ಫಿಸಿಕ್ಸ್ ಪಾಠ ಮಾಡಿದವನು ಇನ್ನೇನು ಮಾಡಿಯಾನು? ಈಗಲೂ ಅಂಥ ಕಥೆಗಳನ್ನು ನಂಬುವುದಿಲ್ಲ. ಆದರೆ ಎದ್ದು ಹೋಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ನಗುವುದಾದರೆ ನಗಿ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ನನ್ನ ಹೆಂಡತಿ ವಿಮಲ ತೀರಿಕೊಂಡು ಕೆಲವು ತಿಂಗಳಾಗಿತ್ತು. ಕಸರಾನಿ ಬಡಾವಣೆಯ ಫ್ಲ್ಯಾಟಿನಲ್ಲಿ ನಾನೊಬ್ಬನೇ. ಕುಕ್ಕರ್ ಸೀಟಿ ಹೊಡೆದರೆ ಅದೇ ಆ ದಿನದ ಮಾತುಕತೆ. ಅವಳಿದ್ದಾಗ ದಿನಾ ಬಾಗಿಲೆದುರು ಎಂಟೆಸಳಿನ ರಂಗೋಲಿ ಹಾಕಿ ಬಣ್ಣ ತುಂಬುತ್ತಿದ್ದಳು. ಕಾವಲಿನ ಅಸ್ಕಾರಿ ಕೂಡ ಅದನ್ನು ತುಳಿಯದೆ ಸುತ್ತಿಕೊಂಡು ಹೋಗುತ್ತಿದ್ದ. ಒಂದು ಎಸಳನ್ನು ಮಾತ್ರ ಅವಳು ಯಾವಾಗಲೂ ಬರಿದೇ ಬಿಡುತ್ತಿದ್ದಳು. "ಏನೇ, ಬಣ್ಣ ಮುಗೀತಾ?" ಎಂದು ರೇಗಿಸಿದರೆ, "ಎಲ್ಲಾ ತುಂಬಿಸ್ಬಿಟ್ರೆ ನಾಳೆ ಬರೋಕೆ ನೆಪ ಬೇಡ್ವೇನ್ರೀ?" ಎನ್ನುತ್ತಿದ್ದಳು.

ಅವಳು ಹೋದ ಮೇಲೆ ನನಗಿದ್ದದ್ದು ಒಂದೇ ಹಂಬಲ. ಎಲ್ಲೋ ಒಂದು ಕಡೆ ಇದ್ದಾಳೆ ಎಂದು ಒಮ್ಮೆಯಾದರೂ ಅನ್ನಿಸಬೇಕು. ಅನ್ನಿಸಲಿಲ್ಲ. ಕನಸಿಗೂ ಬರಲಿಲ್ಲ, ಮಹಾರಾಯ್ತಿ.

ಮಗಳು ಅನಘ ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಮಾಧಾನ ಹೇಳುವ ಹುಡುಗಿ. "ಅಪ್ಪಾ, ಜಸ್ಟ್ ಗೋ, ಪ್ಲೀಸ್," ಎಂದು ಪೀಡಿಸಿ ಊರ ನಡುವಿನ ಸಿಬಿಡಿಯಲ್ಲಿ ನಡೆಯುತ್ತಿದ್ದ ಒಂದು ಶಿಬಿರಕ್ಕೆ ನನ್ನ ಹೆಸರು ಕೊಟ್ಟುಬಿಟ್ಟಳು. ಮೊರಾಕೊ ದೇಶದ ಟೈಲ್ಸ್ ಕಲೆಯ ಶಿಬಿರ. ಕಲಿಸಲು ಬಂದ ಲತೀಫಾ ಅಲ್ಲಿನ ಫೆಸ್ ಊರಿನ ಕಲಾಶಾಲೆಯಲ್ಲಿ ಕಲಿತು ಅಲ್ಲೇ ಟೀಚರಾದವಳು. ಹಳೆಯ ಉಸ್ತಾದರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರ ಕೈಯಲ್ಲಿದ್ದ ವಿದ್ಯೆ ಅವರ ಜೊತೆಗೇ ಹೋಗಬಾರದೆಂದೇ ತಮ್ಮ ಶಾಲೆ ಇರುವುದು ಎಂದಳು. ನಾನು ಮುಖ ತಿರುಗಿಸಿ ನೀರು ಕುಡಿಯುವ ನೆಪ ಮಾಡಿದೆ.

ಅವರ ಕೆಲಸದ ರೀತಿಯೇ ತಮಾಷೆ. ಮಣ್ಣಿನ ಬಿಲ್ಲೆಯ ಒಂದು ಮುಖಕ್ಕೆ ಮಾತ್ರ ಬಣ್ಣದ ಹೊಳಪು ಇರುತ್ತದೆ. ಅದನ್ನು ಚೂರು ಮಾಡಿ, ಬಣ್ಣದ ಮುಖ ಕೆಳಗಾಗಿ ಚೌಕಟ್ಟಿನೊಳಗೆ ಜೋಡಿಸಬೇಕು. ಮೇಲೆ ಕಾಣುವುದೆಲ್ಲ ಬರೀ ಮಣ್ಣು. ಬೆನ್ನಿಗೆ ಗಾರೆ ಸುರಿದು, ಗಟ್ಟಿಯಾದ ಮೇಲೆ ಮಗುಚಿದಾಗಲೇ ಚಿತ್ತಾರ ಕಾಣುವುದು.

ನಾನು ಎಂಟು ಮೂಲೆಯ ನಕ್ಷತ್ರ ಜೋಡಿಸಿದೆ, ಮೂಲೆಗಳೆಲ್ಲ ನೀಲಿ. ಒಂದೊಂದು ಚೂರಿನ ನೀಲಿ ನೋಡಿಕೊಂಡೇ ಮಗುಚಿಟ್ಟೆ. ಲತೀಫಾ ಬಗ್ಗಿ ಪರೀಕ್ಷಿಸಿ ಸರಿಯಾಗಿದೆ ಎಂದ ಮೇಲೆ ನನ್ನೆದುರಿಗೇ ಗಾರೆ ಸುರಿದಳು. ಯಾವುದಾದರೂ ಚೂರು ತಿರುಗುಮುರುಗಾಗಿದ್ದರೆ ಅಷ್ಟು ಮಣ್ಣಿನ ನಡುವೆ ಅದರ ನೀಲಿ ಕಣ್ಣಿಗೆ ರಾಚಬೇಕಿತ್ತು.

ಮುಂದಿನ ಶನಿವಾರ ಸಂಜೆ ಅನಘ ನನ್ನನ್ನು ಕರೆದೊಯ್ಯಲು ಬಂದಿದ್ದಳು. ಲತೀಫಾ ಮತ್ತು ನಾನು ಗಾರೆ ಗಟ್ಟಿಯಾದ ಹಲಗೆ ಮಗುಚಿದೆವು. ಏಳು ಮೂಲೆ ನೀಲಿ. ಒಂದು ಮೂಲೆ ಬರೀ ಮಣ್ಣು.

ಲತೀಫಾ ಪೆಚ್ಚಾದಳು. ಬಣ್ಣ ತಪ್ಪಿದ ಚೂರು ಹೇಗೋ ಸೇರಿಕೊಂಡಿರಬೇಕು, ತಾನು ಎಲ್ಲ ನೋಡಿಯೇ ತಂದಿದ್ದೆ ಎಂದು ಗೊಣಗುತ್ತಾ ಉಳಿ ತೆಗೆದುಕೊಂಡಳು. ಕೆತ್ತಿ ತೆಗೆದು ಬೇರೆ ನೀಲಿ ಕೂರಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸವಂತೆ. ಅಷ್ಟರಲ್ಲಿ ಅನಘ ಅವಳ ಕೈ ಹಿಡಿದಳು. ನನ್ನ ಕಡೆ ತಿರುಗಿದವಳ ಬಾಯಲ್ಲಿ ಕನ್ನಡ ಬಂತು.

"ಅಪ್ಪಾ, ಅದು ಅಮ್ಮ ಬಿಟ್ಟಿರೋದು."

ಅಲ್ಲಿಯವರೆಗೆ ನಾನು ಬಾಯಿ ಬಿಟ್ಟಿರಲಿಲ್ಲ. ಅದೇ ಮಾತು ನನ್ನ ಎದೆಯಲ್ಲೂ ಡವಗುಟ್ಟುತ್ತಿತ್ತು.

ಆ ಹಲಗೆ ಈಗ ನಮ್ಮ ಬಾಗಿಲ ಪಕ್ಕದಲ್ಲಿದೆ. ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ನನ್ನ ಕೈಯೇ ಅಭ್ಯಾಸಬಲದಿಂದ ಹಾಗೆ ಮಾಡಿತು ಎನ್ನೋಣವೆಂದರೆ ರಂಗೋಲಿ ಪುಡಿಯನ್ನು ನಾನು ಮುಟ್ಟಿದವನೇ ಅಲ್ಲ. ಚೂರು ತಿರುಗಿತ್ತು ಎನ್ನೋಣವೆಂದರೆ ಗಾರೆ ಸುರಿಯುವಾಗ ಲತೀಫಾಳ ಕಣ್ಣಿಗೂ ನನ್ನ ಕಣ್ಣಿಗೂ ನೀಲಿ ಬೀಳಲಿಲ್ಲ. ಬಣ್ಣವೇ ಇರಲಿಲ್ಲ ಎನ್ನೋಣವೆಂದರೆ ನೀಲಿ ನೋಡಿ ಇಟ್ಟವನು ನಾನೇ.

ಆ ಚೂರನ್ನು ಕೆತ್ತಿ ಬೆನ್ನು ನೋಡಿದರೆ ತೀರಿತು. ಅಲ್ಲಿ ನೀಲಿ ಇದ್ದರೆ, ನಾವಿಬ್ಬರೂ ನೋಡಿದ ಮೇಲೆ ಅದನ್ನು ಯಾರೋ ತಿರುಗಿಸಿಟ್ಟರು ಎಂದೇ ಅರ್ಥ. ತೆರೆದು ನೋಡದೆ ಏನನ್ನೂ ಹೇಳಬೇಡಿ ಎಂದು ಹುಡುಗರಿಗೆ ಜೀವಮಾನವೆಲ್ಲ ಬೋಧಿಸಿದವನು ನಾನು. ಉಳಿಯೂ ಮನೆಯಲ್ಲೇ ಇದೆ. ಒಂದೆರಡು ಸಲ ಕೈಗೆ ತೆಗೆದುಕೊಂಡು ಹಲಗೆಯ ಮುಂದೆ ಕೂತದ್ದೂ ಉಂಟು.

ಆದರೆ ಬೆನ್ನಲ್ಲಿ ನೀಲಿ ಇಲ್ಲದೇ ಹೋದರೆ? ಆಗ ಅದು ಬರೀ ಬಣ್ಣ ತಪ್ಪಿದ ಒಂದು ಚೂರು, ಈ ಮನೆಯಲ್ಲಿ ನಿಜಕ್ಕೂ ನಾನೊಬ್ಬನೇ.