ಅಕ್ಕನಿಗೆ ಬೇಳೆ ಆಗಿಬರುವುದಿಲ್ಲ

ನೀಲಕ್ಕನಿಗೆ ಬೇಳೆ ಆಗಿಬರುವುದಿಲ್ಲ ಎಂದು ಮೊದಲು ಹೇಳಿದವಳು ನಾನು. ಅದು ಸುಳ್ಳು. ಆಕೆಗೆ ಬೇಳೆ ಚೆನ್ನಾಗಿಯೇ ಆಗಿಬರುತ್ತಿತ್ತು, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ, ಆಕೆಯ ಎದುರಿಗೇ ಹೇಳಿದೆ, ಊಟಕ್ಕೆ ಕುಳಿತ ಮನೆಮಂದಿಯೆಲ್ಲ ಕೇಳುವಂತೆ ಹೇಳಿದೆ. ಆಮೇಲೆ ವರ್ಷಗಟ್ಟಲೆ ಆ ಸುಳ್ಳನ್ನು ಸಾಕಿದೆ. ಇದನ್ನು ಬರೆಯಲು ಕುಳಿತಾಗ ಕೂಡ, ಮೊದಲು ಕಿರಾಣಿ ರೇಟಿನ ಮಾತು ಬರೆಯೋಣ, ನಮಗೆ ಎಷ್ಟು ಕಷ್ಟವಿತ್ತು ಅಂತ ತಿಳಿಸೋಣ, ಆಮೇಲೆ ಇದಕ್ಕೆ ಬರೋಣ ಅಂತ ಮನಸ್ಸು ಎಳೆಯಿತು. ಬೇಡ. ನನ್ನದು ಯಾವಾಗಲೂ ಅದೇ ಚಾಳಿ.

ನೀಲಕ್ಕ ನನ್ನ ಗಂಡನ ಅಕ್ಕ. ಇವರು ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡಿದ್ದರಿಂದ, ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆಕೆ. ಆಕೆಯನ್ನು ಕಲ್ಹೇರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಸತ್ತ ಮೇಲೆ ಮೈದುನರು ಇರಗೊಡಲಿಲ್ಲ. ಒಂದು ತಗಡಿನ ಟ್ರಂಕು ಹಿಡಿದು ತಾಂಡೂರಿನ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ ಬಂದಳು. ಇವರಿಗೆ ಆಗ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆಯಲ್ಲಿ ಕೆಲಸ. ಮಗ ಮಹೇಶ, ಮಗಳು ಸವಿತಾ ಇಬ್ಬರೂ ಶಾಲೆಗೆ ಹೋಗುತ್ತಿದ್ದರು, ಎಷ್ಟು ಹಾಕಿದರೂ ಇನ್ನಷ್ಟು ಬೇಕೆನ್ನುವ ವಯಸ್ಸು.

ಅಕ್ಕ ಬಿಟ್ಟಿ ಉಣ್ಣಲು ಬಂದವಳಲ್ಲ, ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಬಂದ ತಿಂಗಳೊಳಗೇ ಬೇಳೆ ಮಿಲ್ಲಿನಲ್ಲಿ ಹಸನು ಮಾಡುವ ಕೆಲಸ ಹಿಡಿದಳು. ದಿನವಿಡೀ ತೊಗರಿಬೇಳೆಯ ರಾಶಿಯ ಮುಂದೆ ಕುಳಿತು ಕಲ್ಲು, ಹೊಟ್ಟು, ಕರಿಕಾಳು ಆರಿಸುವುದು. ಸಂಜೆ ಬರುವಾಗ ಹುಬ್ಬಿನ ಮೇಲೆಲ್ಲ ಹಳದಿ ಧೂಳು. ವಾರದ ಕೂಲಿ ಬಂದ ದಿನ ಅದನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಕೈಗೇ ಕೊಡುತ್ತಿದ್ದಳು. ತಮ್ಮನ ಕೈಗಲ್ಲ, ನನ್ನ ಕೈಗೆ.

"ಮನಿ ನಡಸಾಕಿ ನೀ, ನೀನೇ ಇಟ್ಗೊ," ಅನ್ನುತ್ತಿದ್ದಳು.

ಮನೆ ನಡೆಸುವುದು ಎಂದರೆ ನನಗೆ ಎಲ್ಲಿಲ್ಲದ ಜಂಬ. ಓಣಿಯ ಹೆಂಗಸರು "ರತ್ನಾನ ಕಡೀಂದ ಕಲೀರಿ, ಇದ್ದದ್ರಾಗ ಹೆಂಗ ತೂಗಸ್ತಾಳ" ಅನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಆ ವರ್ಷ ಎಣ್ಣೆ ಏರಿತು, ಉಳ್ಳಾಗಡ್ಡಿ ಏರಿತು, ಅವುಗಳ ಹಿಂದೆ ತೊಗರಿಬೇಳೆಯೂ ಏರಿತು. ನಮ್ಮ ಊರಿನ ಬೇಳೆಯನ್ನು ಹೈದರಾಬಾದಿನವರು ಹೆಸರು ಹೇಳಿ ಕೇಳಿ ಕೊಳ್ಳುತ್ತಾರೆ. ನಾವು ಮಾತ್ರ ಊರೊಳಗಿನ ಅಂಗಡಿಯ ಮುಂದೆ ನಿಂತು ಪಾವ್ ಕಿಲೋ ಕಟ್ಟಿಸಿಕೊಳ್ಳುವಂತಾಯಿತು. ಅಕ್ಕಿ ರೇಷನ್ನಿನಲ್ಲಿ ಬರುತ್ತಿತ್ತು. ಬೇಳೆ ಎಲ್ಲಿಂದ ಬರಬೇಕು? ಸಾರಿಗೆ ನೀರು ಕೂಡಿಸಿದೆ, ಖಾರ ಕೂಡಿಸಿದೆ. ಪುಂಡಿಪಲ್ಯಕ್ಕೆ ಬೇಳೆ ಬಿಟ್ಟು ಜೋಳದ ನುಚ್ಚು ಹಾಕಿದೆ. ಇವರು ಎರಡು ತುತ್ತು ಉಂಡು ನನ್ನ ಮುಖ ನೋಡಿದರು.

ಒಂದು ಸಂಜೆ ಬೇಳೆ ಗಟ್ಟಿಯಾಗಿ ಮಾಡಿದ್ದೆ. ಸವಿತಾ ಜ್ವರದಿಂದ ಎದ್ದಿದ್ದಳು, ಆಕೆಗಾಗಿ. ಇವರಿಗೆ ಹಾಕಿದೆ, ಮಕ್ಕಳಿಗೆ ಹಾಕಿದೆ. ನೀಲಕ್ಕನ ತಟ್ಟೆಗೆ ಬರುವ ಹೊತ್ತಿಗೆ ಪಾತ್ರೆಯಲ್ಲಿ ಒಬ್ಬರಿಗಾಗುವಷ್ಟೇ ಉಳಿದಿತ್ತು. ಅಷ್ಟರಲ್ಲಿ ಮಹೇಶ "ಯವ್ವಾ, ಇನ್ನಷ್ಟು" ಅಂತ ತಟ್ಟೆ ಮುಂದೆ ಮಾಡಿದ. ಅವನಿಗೆ ಹಾಕಿಬಿಟ್ಟೆ. ಅಕ್ಕನ ತಟ್ಟೆಯಲ್ಲಿ ರೊಟ್ಟಿ, ಕೆಂಪು ಖಾರ, ಒಂದು ಉಳ್ಳಾಗಡ್ಡಿ. ಇವರು ಅತ್ತ ನೋಡಿದರು.

"ಅಕ್ಕಗ ಬ್ಯಾಳಿ ಹಾಕಿಲ್ಲೇನು?"

ತೀರಿತು ಅಂತ ಹೇಳಬಹುದಿತ್ತು. ಹೇಳಿದ್ದರೆ ಇವರು ತಮ್ಮ ತಟ್ಟೆಯನ್ನೇ ಅಕ್ಕನ ಮುಂದೆ ಸರಿಸುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು, ಬೇರೆ ಏನೂ ಅಲ್ಲ. ಆದರೆ "ತೀರಿತು" ಎನ್ನುವ ಮಾತು ನನ್ನ ಬಾಯಿಯಿಂದ ಬರಲೊಲ್ಲದು, ತೂಗಿಸಿಕೊಂಡು ಹೋಗುವ ರತ್ನಾ ನಾನು! ಹೊರಬಿದ್ದದ್ದು ಈ ಮಾತು:

"ಅಕ್ಕಗ ಬ್ಯಾಳಿ ಆಗಿಬರಂಗಿಲ್ರಿ. ಹೊಟ್ಟಿ ಉಬ್ತದಂತ."

ಅಕ್ಕ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಳು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ಆಶ್ಚರ್ಯ ಇತ್ತು, ಮತ್ತೆ ಇನ್ನೇನೋ... ನನಗೆ ನೋಡಲಾಗಲಿಲ್ಲ, ಬಗ್ಗಿ ರೊಟ್ಟಿ ಬುಟ್ಟಿ ಮುಚ್ಚಿದೆ. ಆಕೆ ತಮ್ಮನ ಕಡೆ ತಿರುಗಿದಳು.

"ಹೌದೋ ಯಪ್ಪಾ, ವಾಯು ಆಗ್ತದ ನನಗ. ನೀ ಉಣ್ಣು."

ಮರುದಿನ ಸರಿಮಾಡಬಹುದಿತ್ತು. ಒಂದು ಸೌಟು ಬೇಳೆ ಆಕೆಯ ತಟ್ಟೆಗೆ ಸುರಿದಿದ್ದರೆ ಮಾತು ಅಲ್ಲೇ ಸತ್ತುಹೋಗುತ್ತಿತ್ತು. ಸುರಿಯಲಿಲ್ಲ. ಒಂದು ತಟ್ಟೆಯ ಬೇಳೆ ಉಳಿದದ್ದು ನನಗೆ ರುಚಿ ಹತ್ತಿತ್ತು. ನಾನೂ ಉಣ್ಣುತ್ತಿಲ್ಲವಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಎಲ್ಲರೂ ಉಂಡು ಎದ್ದ ಮೇಲೆ, ಒಲೆಯ ಹತ್ತಿರ ಬೆನ್ನು ತಿರುಗಿಸಿ ಕುಳಿತು, ಪಾತ್ರೆಗೆ ಅಂಟಿದ ಬೇಳೆಯನ್ನು ರೊಟ್ಟಿ ತುಂಡಿನಿಂದ ಒರೆಸಿ ಒರೆಸಿ ತಿನ್ನುತ್ತಿದ್ದೆ. ಗೋಡೆಯಾಚೆ ಅಕ್ಕ ಹಾಸಿಗೆ ಹಾಸುತ್ತಿದ್ದಳು. ಥೂ! ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಸುಳ್ಳು ತಾನೇ ಕಾಲು ಬೆಳೆಸಿಕೊಂಡಿತು. ಮಕ್ಕಳು ನಂಬಿದರು, ಅಕ್ಕಪಕ್ಕದವರು ನಂಬಿದರು, ಬಂಧುಬಳಗಕ್ಕೆಲ್ಲ ಸುದ್ದಿ ಹೋಯಿತು. ಮಿಲ್ಲಿನಲ್ಲಿ ಜೊತೆಯ ಹೆಂಗಸರು "ಬ್ಯಾಳಿ ಮಿಲ್ಲಿನಾಕಿಗೇ ಬ್ಯಾಳಿ ಆಗಂಗಿಲ್ಲ, ನೋಡ್ರೆವ್ವಾ!" ಅಂತ ನಗುತ್ತಿದ್ದರಂತೆ. ಅದನ್ನು ನಮಗೆ ಹೇಳಿ ಅಕ್ಕನೂ ನಕ್ಕಳು. ದೀಪಾವಳಿಗೆ ಮಾಲೀಕರು ಕೆಲಸದವರಿಗೆಲ್ಲ ಒಂದೊಂದು ಚೀಲ ನುಚ್ಚುಬೇಳೆ ಕೊಟ್ಟರು. ತನ್ನ ಪಾಲಿನ ಚೀಲವನ್ನು ತಲೆಯ ಮೇಲೆ ಹೊತ್ತು ತಂದು ನನ್ನ ಮುಂದೆ ಇಳಿಸಿದಳು.

"ನನಗಂತೂ ಆಗಿಬರಂಗಿಲ್ಲ. ಹುಡುಗರಿಗಿ ಮಾಡಿಹಾಕು."

ಆಗಲಾದರೂ ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು. ಡಬ್ಬಿಗೆ ತುಂಬಿಟ್ಟೆ. ಹಬ್ಬದ ದಿನ ಆ ಬೇಳೆಯದೇ ಸಾರು ಮಾಡಿದೆ, ಆಕೆಗೆ ಬದನೆಕಾಯಿ ಹುರಿದು ಹಾಕಿದೆ.

ನಾರಾಯಣಖೇಡದಲ್ಲಿ ಇವರ ಚಿಕ್ಕಪ್ಪನ ಮಗಳ ಮದುವೆ. ಪಂಕ್ತಿಯಲ್ಲಿ ಅಕ್ಕ, ನಾನು ಅಕ್ಕಪಕ್ಕ ಕುಳಿತಿದ್ದೆವು. ಬಡಿಸುವ ಹುಡುಗ ಹೋಳಿಗೆಯ ಬುಟ್ಟಿ ಹಿಡಿದು ಬರುವುದು ಕಂಡಿತು. ಅಕ್ಕ ಎಲೆಯ ಮೇಲಿನ ಪಲ್ಯವನ್ನು ಬೆರಳಿನಿಂದ ಬದಿಗೆ ಸರಿಸಿ ಜಾಗ ಮಾಡಿದಳು. ಎಷ್ಟು ದಿನದ ಆಸೆಯೋ ಏನೋ. ಅಷ್ಟರಲ್ಲಿ ಮದುಮಗಳ ತಾಯಿ, ನನ್ನ ಚಿಕ್ಕತ್ತೆ, ದೂರದಿಂದಲೇ ಕೂಗಿದಳು, ಪಾಪ, ಪ್ರೀತಿಯಿಂದಲೇ:

"ಏ ತಮ್ಮಾ, ಆಕಿಗಿ ಹಾಕಬ್ಯಾಡ! ನೀಲವ್ವಗ ಬ್ಯಾಳಿ ಆಗಿಬರಂಗಿಲ್ಲ, ಹೂರಣ ತಿಂದ್ರ ಸಾಯ್ತಾಳ. ಅನ್ನ ಮಜ್ಜಿಗಿ ತಾ!"

ಹುಡುಗ ನನ್ನ ಎಲೆಗೆ ಎರಡು ಹಾಕಿ ಮುಂದೆ ಹೋದ. ಅಕ್ಕ ಸರಿಸಿದ ಪಲ್ಯವನ್ನು ಮತ್ತೆ ಮೊದಲಿನ ಜಾಗಕ್ಕೆ ಎಳೆದುಕೊಂಡಳು. ನಾನು ಎರಡೂ ಹೋಳಿಗೆ ತಿಂದೆ. ಬಿಟ್ಟರೆ ಯಾರಾದರೂ ಯಾಕೆ ಅಂತ ಕೇಳಿಯಾರು ಅಂತ ತಿಂದೆ.

ಆಮೇಲೆ ನಮ್ಮ ದಿನಗಳು ಸುಧಾರಿಸಿದವು. ಸವಿತಾಳ ಮದುವೆಯಾಯಿತು. ಮಹೇಶನಿಗೆ ಜಹೀರಾಬಾದಿನಲ್ಲಿ ಕೆಲಸ ಸಿಕ್ಕಿತು, ಮನೆಗೆ ಕಿರಾಣಿ ಮೂಟೆಯಲ್ಲಿ ಬರತೊಡಗಿತು. ಬೇಳೆಯ ಡಬ್ಬಿ ತುಂಬಿರುತ್ತಿತ್ತು. ಆದರೆ ಸುಳ್ಳನ್ನು ಹಿಂದಕ್ಕೆ ಪಡೆಯುವುದು ಹೇಗೆ? ಈಗ ಆಗಿಬರುತ್ತದೆ ಅಂದರೆ ಆಗ ಯಾಕೆ ಆಗಲಿಲ್ಲ ಎನ್ನುವ ಪ್ರಶ್ನೆ ಏಳುತ್ತದೆ. ಹಾಗಾಗಿ ಆಕೆಗೆ ಬೇರೆಯೇ ಪಲ್ಯ ಮಾಡಿ ಹಾಕುತ್ತ ಹೋದೆ. ಬಂದವರು ಅದನ್ನು ನೋಡಿ "ನಾದಿನಿಗಿ ಅಂತ ದಿನಾ ಬ್ಯಾರೆ ಅಡಿಗಿ ಮಾಡ್ತಾಳ, ಯಾರ ಮನ್ಯಾಗ ಸಿಗ್ತಾರ ಇಂಥಾಕಿ" ಅಂತ ಹೊಗಳಿದರು. ಆ ಹೊಗಳಿಕೆಯನ್ನೂ ನಾನು ಬಿಡಲಿಲ್ಲ, ತಲೆ ಬಗ್ಗಿಸಿ ಮುಗುಳ್ನಕ್ಕು ಒಪ್ಪಿಕೊಂಡೆ.

ಹೋದ ಚಳಿಗಾಲದಲ್ಲಿ ಅಕ್ಕನಿಗೆ ತಲೆ ಸುತ್ತು ಶುರುವಾಯಿತು. ಕೂತಲ್ಲಿಂದ ಎದ್ದರೆ ಕಣ್ಣಿಗೆ ಕತ್ತಲೆ. ಮಹೇಶ ನಮ್ಮನ್ನು ಜಹೀರಾಬಾದಿಗೆ ಕರೆಸಿ ಡಾಕ್ಟರಿಗೆ ತೋರಿಸಿದ. ಮೈಯಲ್ಲಿ ರಕ್ತವಿಲ್ಲ, ಕಸುವಿಲ್ಲ, ದಿನಾ ಬೇಳೆಕಾಳು ತಿನ್ನಿಸಿ ಅಂದರು ಡಾಕ್ಟರಮ್ಮ. ಮಹೇಶನೇ ಮುಂದಾಗಿ ಹೇಳಿದ:

"ನಮ್ಮ ಸೋದರತ್ತಿಗಿ ಬ್ಯಾಳಿ ಆಗಂಗಿಲ್ರಿ ಮೇಡಂ. ನಾ ಸಣ್ಣವ ಇದ್ದಾಗಿಂದಲೂ ಅಷ್ಟೇ."

"ತಿಂದ್ರೆ ಏನಾಗುತ್ತೆ?" ಅಂತ ಡಾಕ್ಟರು ಕೇಳಿದರು.

ಮಗ ನನ್ನ ಮುಖ ನೋಡಿದ. ಡಾಕ್ಟರೂ ನೋಡಿದರು. ಅಕ್ಕ ಮಾತ್ರ ನೋಡಲಿಲ್ಲ, ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು. ಆ ಕೈಗಳು ಎಷ್ಟು ಸಣ್ಣಗಾಗಿವೆ ಅಂತ ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಮನೆಯಲ್ಲಿ ಈಗ ಬಡತನವಿಲ್ಲ, ತಟ್ಟೆ ಹಿಡಿದು ಬೇಡುವ ಮಕ್ಕಳಿಲ್ಲ. ಹೇಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ನನ್ನ ಮಾನ ಒಂದನ್ನು ಬಿಟ್ಟು.

"ಹೊಟ್ಟಿ ಉಬ್ತದ್ರಿ," ಅಂದೆ.

ಮೊದಲ ಸಲ ಬಾಯಿ ತಪ್ಪಿ ಬಂತು ಅಂತ ಯಾರಾದರೂ ಕ್ಷಮಿಸಬಹುದು. ಇದನ್ನು? ಡಾಕ್ಟರು ಗುಳಿಗೆ, ಟಾನಿಕ್ಕು ಬರೆದುಕೊಟ್ಟರು.

ವಾಪಸ್ ಬರುವಾಗ ಬಸ್ಸು ಕೊಹೀರಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಮಂದಿ ಚಹಾಕ್ಕೆ ಇಳಿದರು. ನಾವಿಬ್ಬರೇ ಸೀಟಿನಲ್ಲಿ. ಅಕ್ಕ ಗುಳಿಗೆಯ ಚೀಲವನ್ನು ತೊಡೆಯ ಮೇಲಿಟ್ಟು ಕಿಟಕಿಯ ಹೊರಗೆ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಾ ಅವತ್ತ..."

"ಗೊತ್ತದ ತಗೊ," ಅಂದಳು. ತಿರುಗಲಿಲ್ಲ. "ಹುಡುಗ ಇನ್ನಷ್ಟು ಬೇಡಿದ್ದ. ಹೆತ್ತಾಕಿ ನೀ, ಹಾಕ್ದಿ. ನನ್ನ ಹಂತ್ಯಾಕ ಬಂದು ಅಕ್ಕಾ ಬ್ಯಾಳಿ ಸಾಲಂಗಿಲ್ಲ ಅಂದಿದ್ರ ನಾನೇ ಬ್ಯಾಡ ಅಂತಿದ್ದೆ."

ನಾನು ಅಳುತ್ತಿದ್ದೆ. ಆಕೆ ಅಳಬೇಡ ಅನ್ನಲಿಲ್ಲ. ಗುಳಿಗೆಯ ಚೀಲದ ಬಾಯಿ ಮಡಚಿ ಇನ್ನೊಂದು ಮಾತು ಹೇಳಿದಳು, ಅದೂ ಮೆಲ್ಲಗೆ, ಸಂತೆಯ ಮಾತು ಹೇಳಿದ ಹಾಗೆ:

"ಮನ್ಯಾಗ ಬ್ಯಾಳಿ ಬಂದಮ್ಯಾಗರ ಒಂದಿನ ಹಾಕ್ತಿ ಅಂತ ದಾರಿ ನೋಡ್ದೆ, ರತ್ನಾ. ದಿನಾ ನೋಡ್ದೆ."

ಬೈಗುಳ ಕೇಳಿದ್ದೇನೆ, ಏಟೂ ತಿಂದಿದ್ದೇನೆ ಬದುಕಿನಲ್ಲಿ. ಯಾವುದೂ ನನ್ನನ್ನು ಹೀಗೆ ನೆಲಕ್ಕೆ ಹಾಕಿರಲಿಲ್ಲ. ದಿನಾ ಬಡಿಸುವಾಗ ಆಕೆ ನನ್ನ ಕೈ ನೋಡುತ್ತಿದ್ದಳು, ನಾನು ಆಕೆಯ ತಟ್ಟೆ ದಾಟಿ ಹೋಗುತ್ತಿದ್ದೆ. ಎಷ್ಟು ಊಟ, ಎಷ್ಟು ಹಬ್ಬ, ಅದನ್ನು ಎಲ್ಲಿಂದ ತಂದು ಕೊಡಲಿ?

ಮನೆಗೆ ಬಂದು ಬೇಳೆ ಇಟ್ಟೆ. ಗಟ್ಟಿಯಾಗಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಇವರು ಊಟಕ್ಕೆ ಕುಳಿತಿದ್ದರು, ಅಕ್ಕನೂ ಕುಳಿತಿದ್ದಳು. ಮೊದಲು ಅಕ್ಕನ ತಟ್ಟೆಗೆ ಹಾಕಲು ಹೋದೆ. ಇವರು ನನ್ನ ಮುಂಗೈ ಹಿಡಿದರು.

"ಏನ್ ಮಾಡಾಕತ್ತಿ? ಅಕ್ಕಗ ಆಗಿಬರಂಗಿಲ್ಲಂತ ಗೊತ್ತಿಲ್ಲೇನು ನಿನಗ?"

"ಬಿಡೋ, ಇವತ್ತ ಸ್ವಲ್ಪ ತಿಂದು ನೋಡ್ತೀನಿ," ಅಂದಳು ಅಕ್ಕ. ನನ್ನ ಮಾನ ಕಾಯಲು ಆಗಲೂ ಆಕೆಯೇ ಮುಂದೆ ಬಂದಳು. ಆ ಮಾತನ್ನು ಹಿಡಿದುಕೊಂಡು ನಾನು ಪಾರಾಗಬಹುದಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಆಗಿಬರ್ತದ್ರಿ," ಅಂದೆ. "ಮೊದಲಿಂದಲೂ ಆಗಿಬರ್ತಿತ್ತು. ಬ್ಯಾಳಿ ಉಳೀಲಿ ಅಂತ ನಾ ಸುಳ್ಳು ಹೇಳ್ದೆ. ಆಸ್ಪತ್ರ್ಯಾಗೂ ಅದನ್ನೇ ಹೇಳಿ ಬಂದೀನಿ."

ಇವರು ಕೈ ಬಿಟ್ಟರು. ಇವರ ತಟ್ಟೆಯಲ್ಲಿ ಮುರಿದ ರೊಟ್ಟಿ ಹಾಗೇ ಇತ್ತು. ಅಕ್ಕನ ಮುಖ ನೋಡಿದರು, ಆಮೇಲೆ ನನ್ನ ಮುಖ. ಕೂಗಾಡುತ್ತಾರೆ ಅಂದುಕೊಂಡೆ, ಕೂಗಾಡಲಿ ಅಂತ ಆಸೆಯೂ ಇತ್ತು. ಇವರು ಎದ್ದು ಕೈ ತೊಳೆದು ಬಂದರು. ನನ್ನ ಕೈಯಿಂದ ಸೌಟು ತೆಗೆದುಕೊಂಡರು. ಅಕ್ಕನ ತಟ್ಟೆಗೆ ಬೇಳೆ ಹಾಕಿದರು. ಅಕ್ಕ ಸಾಕು ಸಾಕು ಅಂದರೂ ಇನ್ನೊಂದು ಸೌಟು ಹಾಕಿದರು. ಆಕೆಯ ಪಕ್ಕದಲ್ಲಿ ಕುಳಿತು, ಆಕೆ ಉಂಡು ಮುಗಿಸುವ ತನಕ ಎದ್ದೇಳಲಿಲ್ಲ.

ಮಕ್ಕಳಿಬ್ಬರಿಗೂ ಫೋನು ಮಾಡಿ ನಾನೇ ಹೇಳಿದ್ದೇನೆ. ಡಾಕ್ಟರಿಗೂ ಹೋಗಿ ಹೇಳಿ ಬಂದೆ. ಬಳಗದವರಿಗೆ ಇನ್ನೂ ಹೇಳಬೇಕು. ಮುಂದಿನ ಪಂಕ್ತಿಯಲ್ಲಿ, ಎಲ್ಲರ ನಡುವೆ ಹೇಳುತ್ತೇನೆ. ಇದರಿಂದ ನನ್ನ ಭಾರ ಇಳಿಯಿತು ಅಂತ ಯಾರೂ ತಿಳಿಯಬಾರದು.

ಅವತ್ತಿನಿಂದ ನಮ್ಮ ಮನೆಯಲ್ಲಿ ಅಡುಗೆ ಮಾಡುವವಳು ನಾನು, ಬಡಿಸುವವರು ಇವರು. ಮೊದಲು ಅಕ್ಕನಿಗೆ, ಆಮೇಲೆ ನನಗೆ, ಕೊನೆಗೆ ತಮಗೆ. ನನಗೆ ಒಂದು ಕಾಳೂ ಕಡಿಮೆ ಹಾಕುವುದಿಲ್ಲ. ಸೌಟು ಇತ್ತ ಕೊಡಿ, ನಾನು ಬಡಿಸುತ್ತೇನೆ ಅಂತ ಕೇಳಬೇಕು ಅಂತ ದಿನಾ ಅನಿಸುತ್ತದೆ. ಕೇಳುವ ಬಾಯಿ ನನಗೆ ಇಲ್ಲ.