ಹಳೇ ಕಂಪ್ಯೂಟರ್ ಜೊತೆ ಹೋದ ಗುಟ್ಟು

“ಸರ್, ಇದು ನಾನು ನಿಮ್ಮತ್ರ ಅತ್ಕೊಂಡು ಹೇಳಿದ್ದಲ್ವಾ? ಕಳಸದ ಅಂಗಡೀಲಿ ನಮ್ಮ ನಾದಿನಿ ಕೈಗೆ ಹೆಂಗೆ ಸಿಕ್ತು?”

ಮೂಡಿಗೆರೆಯ ನನ್ನ ವಕೀಲಿ ಕಚೇರಿಯಲ್ಲಿ ಮೇಜಿನ ಮೇಲೆ ಎರಡು ಹಾಳೆ ಇಟ್ಟು ಆ ಹೆಣ್ಣುಮಗಳು ನಿಂತೇ ಇದ್ದರು. ಎರಡು ವರ್ಷದ ಹಿಂದೆ ನಾನೇ ಟೈಪ್ ಮಾಡಿದ್ದ ಅವರ ವಿಚ್ಛೇದನದ ಅರ್ಜಿ ಅದು. ಗಂಡನ ಕುಡಿತ, ಹೊಡೆತ ಎಲ್ಲ ಅದರಲ್ಲಿತ್ತು. ಆಮೇಲೆ ಆತ ಕುಡಿತ ಬಿಟ್ಟ, ರಾಜಿಯಾಯಿತು, ಅರ್ಜಿ ಕೋರ್ಟಿಗೆ ಹೋಗಲೇ ಇಲ್ಲ. ಈಗ ಅವರ ಮಗುವಿನ ನಾಮಕರಣದ ಆಮಂತ್ರಣದ ಕಾಗದ ಮಾಡಿಸಲು ನಾದಿನಿ ಕಳಸದ ಡಿಟಿಪಿ ಅಂಗಡಿಗೆ ಹೋಗಿದ್ದಾರೆ. ಅಂಗಡಿಯವನು ಕೈತಪ್ಪಿ ಕಾಗದವನ್ನು ಅಳಿಸಿಬಿಟ್ಟು, ಅಳಿಸಿದ ಫೈಲುಗಳು ಹೋಗಿ ಕೂರುವ ರಿಸೈಕಲ್ ಬಿನ್ನಿನಲ್ಲಿ ಹುಡುಕುವಾಗ ಅಣ್ಣನ ಹೆಸರಿನ ಫೈಲು ನಾದಿನಿಯ ಕಣ್ಣಿಗೆ ಬಿದ್ದಿದೆ; ಪ್ರಿಂಟ್ ತೆಗೆಸಿ ಮನೆಗೆ ತಂದಿದ್ದಾರೆ.

ಆ ಅಂಗಡಿಯಲ್ಲಿದ್ದದ್ದು ನನ್ನ ಹಳೆಯ ಕಂಪ್ಯೂಟರ್. ಹೊಸದು ತಂದಾಗ ರಿಪೇರಿಯವನಿಗೆ ಕೊಟ್ಟಿದ್ದೆ, ಆತ ಕಳಸಕ್ಕೆ ಮಾರಿದ್ದ. ರಿಪೇರಿಯವನ ಮೇಲೆ ಫೋನಿನಲ್ಲಿ ರೇಗಿದೆ.

“ಎಲ್ಲಾ ಡಿಲೀಟ್ ಮಾಡಿದ್ನಲ್ಲ ಸರ್, ಬಿನ್ನಿಗೆ ಹಾಕಿದೀನಿ,” ಎಂದ ತಣ್ಣಗೆ.

ಅದನ್ನು ಖಾಲಿ ಮಾಡಬೇಕೆಂದು ಅವನಿಗೆ ತೋಚಲಿಲ್ಲ ಸರಿ, ಕೊಡುವ ಮುಂಚೆ ಒಮ್ಮೆ ನೋಡಲು ನನಗೇನಾಗಿತ್ತು? ಅಂದೇ ಕಳಸಕ್ಕೆ ಹೋಗಿ ಹಾರ್ಡ್ ಡಿಸ್ಕ್ ಬಿಚ್ಚಿಸಿ ತಂದೆ. ಇನ್ನೂ ಎಷ್ಟೋ ಮನೆಗಳ ಜಗಳ ಅದರಲ್ಲಿತ್ತು. ಅಂಗಳದ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚೂರು ಮಾಡಿದೆ.

ನಾಮಕರಣಕ್ಕೆ ಗಂಡನ ಮನೆಯವರು ಯಾರೂ ಬರಲಿಲ್ಲವಂತೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಆಕೆ ಎದುರಾದರು. ನಾನು ನಮಸ್ಕಾರ ಮಾಡುವಷ್ಟರಲ್ಲಿ, ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಬೇರೆ ಬಸ್ಸಿನ ಕಡೆ ನಡೆದುಬಿಟ್ಟರು.