ಅತ್ತೆಯ ಹೆಗಲು, ನೀಲಿಯವಳ ಕೀಲು

ನನಗೆ ನಲವತ್ತಾರು ವರ್ಷ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಮತ್ತು ಗೊಂಬೆ ಇಟ್ಟುಕೊಂಡು ಆಡುತ್ತೇನೆ. ಮೂರನೆಯದನ್ನು ಕೇಳಿದವರು ‘ಮಕ್ಕಳಿಗಾ?’ ಎನ್ನುತ್ತಾರೆ. ಅಲ್ಲ, ನನಗೇ.

ಅಂಗೈಯಷ್ಟು ಎತ್ತರದ ಸೂಪರ್‌ಹೀರೋಗಳು ಇವು. ಕುತ್ತಿಗೆ, ಹೆಗಲು, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ ಎಂದು ಒಂದೊಂದರ ಮೈಯಲ್ಲೂ ಮೂವತ್ತರ ಹತ್ತಿರ ಕೀಲುಗಳು. ಹೆಗಲೊಂದೇ ಮೂರು ಬಗೆಯಲ್ಲಿ ತಿರುಗುತ್ತದೆ. ಕೆಲವುಗಳ ಕೈ ಎತ್ತಿದರೆ ಒಳಗಿನ ಹಲ್ಲುಗಳು ಟಿಕ್ ಟಿಕ್ ಎನ್ನುತ್ತವೆ, ಬಿಟ್ಟಲ್ಲಿ ಕೈ ನಿಲ್ಲುತ್ತದೆ. ನನ್ನ ಹುಚ್ಚೆಂದರೆ ಅವನ್ನು ಯಾವ ಆಸರೆಯೂ ಇಲ್ಲದೆ ಒಂಟಿ ಕಾಲಿನಲ್ಲಿ ನಿಲ್ಲಿಸುವುದು. ಸೊಂಟವನ್ನು ಕೂದಲೆಳೆಯಷ್ಟು ತಿರುಗಿಸಿ, ತಲೆಯನ್ನು ಚೂರು ಬಗ್ಗಿಸಿ, ಉಸಿರು ಬಿಗಿಹಿಡಿದು ಬೆರಳು ತೆಗೆಯುತ್ತೇನೆ. ಬೀಳದೆ ನಿಂತರೆ ಆ ಇಡೀ ದಿನ ಒಂಬತ್ತನೇ ತರಗತಿಯ ಯಾರಿಗೂ ನನ್ನಿಂದ ಬೈಗುಳವಿಲ್ಲ.

ಶುರುವಾದದ್ದೂ ಒಂಬತ್ತನೇ ತರಗತಿಯಿಂದಲೇ. ನರಸಿಂಹರಾಜಪುರದ ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಡೆಸ್ಕಿನ ಕೆಳಗೆ ಇಂಥದ್ದೊಂದನ್ನು ಕುಣಿಸುತ್ತಿದ್ದಳು. ಕಿತ್ತುಕೊಂಡೆ. ಸಂಜೆ ವಾಪಸು ಕೊಡುವುದು ವಾಡಿಕೆ. ನಾನು ಕೊಟ್ಟದ್ದು ನಾಲ್ಕನೇ ದಿನ. ಆ ನಾಲ್ಕು ದಿನ ಅದು ಎಲ್ಲಿತ್ತು, ಏನು ಮಾಡುತ್ತಿತ್ತು ಎಂದು ಹುಡುಗಿ ಕೇಳಲಿಲ್ಲ, ಪುಣ್ಯ. ಈಗ ಕೊಪ್ಪದ ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಮೂವತ್ತೆರಡು ಮಂದಿ ಇದ್ದಾರೆ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಪಾರ್ಸೆಲ್ ಬಂದಾಗಲೆಲ್ಲ ಅಂಗಡಿಯವರು ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಈ ಸಲ ಯಾರು ಬಂದರು ಟೀಚರ್ ಎಂದು ಕೇಳುತ್ತಾರೆ.

ನನ್ನ ಅತ್ತೆಗೆ ಇದು ಸುತರಾಂ ಇಷ್ಟವಿರಲಿಲ್ಲ. ಬಂದವರ ಕಣ್ಣು ಬೀರುವಿನ ಕಡೆ ಹೋದರೆ ಸಾಕು, ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಅದೆಲ್ಲ ಶಾಲೆಯ ಪಾಠದ ಸಾಮಾನು ಎಂದು ಹೇಳಿ ಮುಗಿಸುತ್ತಿದ್ದರು. ಒಮ್ಮೆ ಇಬ್ಬರೂ ಶೃಂಗೇರಿಗೆ ಹೋಗಿದ್ದೆವು. ದರ್ಶನ ಮುಗಿಸಿ ಬರುವಾಗ ಆಟಿಕೆ ಅಂಗಡಿಯೊಂದರ ರಾಶಿಯಲ್ಲಿ ಧೂಳು ಹಿಡಿದ ಒಬ್ಬಳು ಸಿಕ್ಕಳು. ನೀಲಿ ಉಡುಪು, ಹಳದಿ ಬೆಲ್ಟು, ಮೂಗಿನ ತುದಿಯಲ್ಲಿ ಬಣ್ಣ ಹೋಗಿದೆ, ಆದರೆ ಕೀಲು ಒಂದೊಂದೂ ಬೆಣ್ಣೆ. ನಾನು ರಸ್ತೆಯಲ್ಲೇ ನಿಂತು ಅವಳ ಕೈಕಾಲು ತಿರುಗಿಸಿ ನೋಡುತ್ತಿದ್ದರೆ ಅತ್ತೆ ಹತ್ತು ಮಾರು ದೂರ ಹೋಗಿ, ಈ ಹೆಂಗಸು ಯಾರೋ ತಮಗೆ ಗೊತ್ತಿಲ್ಲ ಎನ್ನುವಂತೆ ಮುಖ ತಿರುಗಿಸಿ ನಿಂತಿದ್ದರು.

ಹೋದ ವರ್ಷ ದೀಪಾವಳಿಗೆ ಮುಂಚೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಮಣಿಕಟ್ಟು ಕೂಡಿತ್ತು, ಆದರೆ ಅಷ್ಟು ದಿನ ಅಲ್ಲಾಡದೆ ಹೆಗಲು ಹಿಡಿದುಕೊಂಡಿತ್ತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಬಾರದು. ವ್ಯಾಯಾಮದ ಹಾಳೆ ಕೊಟ್ಟ ಡಾಕ್ಟರು, ಆರು ವಾರ ಮಾಡಿ, ಆಗದಿದ್ದರೆ ಶಿವಮೊಗ್ಗಕ್ಕೆ ಕಳಿಸುತ್ತೇನೆ, ಅಲ್ಲಿ ಪ್ರಜ್ಞೆ ತಪ್ಪಿಸಿ ಕೈಯನ್ನು ಬಲವಂತವಾಗಿ ತಿರುಗಿಸುತ್ತಾರೆ ಎಂದರು. ಅತ್ತೆಗೆ ಪ್ರಜ್ಞೆ ತಪ್ಪಿಸುವುದೆಂದರೆ ಜೀವ ಹೋದಷ್ಟು ಭಯ.

ಅದಕ್ಕಿಂತ ದೊಡ್ಡ ಸಂಕಟ ತಲೆ ಬಾಚುವುದು. ಎಪ್ಪತ್ತೊಂದು ವರ್ಷದ ಅತ್ತೆಗೆ ಕೂದಲು ಇರುವುದು ಇಷ್ಟೇ ಇಷ್ಟು, ಆದರೆ ಅದರ ತುರುಬು ಮಾತ್ರ ಯಾವತ್ತೂ ಒಂದೇ ಜಾಗದಲ್ಲಿ ಒಂದೇ ಬಿಗಿಯಲ್ಲಿ ಇರಬೇಕು. ಬಿದ್ದ ದಿನದಿಂದ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ದಿನಾ ಬೆಳಿಗ್ಗೆ ಬಸ್ಸಿಗೆ ಮೊದಲು ಅವರು ಸ್ಟೂಲಿನ ಮೇಲೆ ಬೆನ್ನು ಕೊಟ್ಟು ಕೂರುತ್ತಿದ್ದರು, ನಾನು ಬಾಚುತ್ತಿದ್ದೆ. ಸಡಿಲವಾಯಿತು, ಕೆಳಗಾಯಿತು, ದನದ ಬಾಲದ ಹಾಗಾಯಿತು ಎಂದು ದಿನಕ್ಕೊಂದು ತಕರಾರು. ನೆಮ್ಮಾರಿನಲ್ಲಿ ತಮ್ಮ ತಂಗಿಯ ಮನೆಯ ಮದುವೆಗೂ ಅವರು ಹೋಗಲಿಲ್ಲ. ನಾನು ಕಟ್ಟಿದ ತುರುಬಿನಲ್ಲಿ ನೆಂಟರೆದುರು ಹೋಗಲಾರರಂತೆ.

ವ್ಯಾಯಾಮದ ಹಾಳೆಯನ್ನು ಅವರು ಮುಟ್ಟಲಿಲ್ಲ. ಅದರಲ್ಲಿದ್ದದ್ದು ಕಡ್ಡಿ ಮನುಷ್ಯನ ಚಿತ್ರಗಳು. ಮುಖವಿಲ್ಲದವನನ್ನು ನೋಡಿ ಎಂಥದ್ದನ್ನು ಕಲಿಯುವುದು ಎಂದರು. ನನಗೆ ರೇಗಿತು. ಬೀರುವಿನಿಂದ ನೀಲಿಯವಳನ್ನು ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಅವಳ ಬಲಗೈಯನ್ನು ಗೋಡೆಯ ಮೇಲೆ ಒಂದೊಂದೇ ಟಿಕ್ ಏರಿಸಿದೆ. ಕೆಳಗಿನಿಂದ ಕಿವಿಯ ಪಕ್ಕಕ್ಕೆ ಒಟ್ಟು ಒಂಬತ್ತು ಟಿಕ್.

ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಆಮೇಲೆ ಅವಳನ್ನು ತಮ್ಮ ಕೋಣೆಯ ಕಿಟಕಿಯಲ್ಲಿ ಇಟ್ಟು ಹೋಗು ಎಂದರು.

ಮರುದಿನ ಸಂಜೆ ಶಾಲೆಯಿಂದ ಬಂದು ನೋಡಿದರೆ ನೀಲಿಯವಳ ಕೈ ಮೂರನೇ ಟಿಕ್ಕಿನಲ್ಲಿತ್ತು. ಅತ್ತೆ ತಮ್ಮ ಕೈ ಎಷ್ಟು ಏರಿತೋ ಅವಳ ಕೈಯನ್ನೂ ಅಷ್ಟೇ ಏರಿಸಿ ಇಡುತ್ತಿದ್ದಾರೆ ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಸಂಜೆ ಚಪ್ಪಲಿ ಬಿಡುವ ಮೊದಲೇ ಕಿಟಕಿಯ ಹೊರಗಿನಿಂದ ಇಣುಕಿ ನೋಡುವುದು ನನ್ನ ಅಭ್ಯಾಸವಾಯಿತು. ನಾಲ್ಕಕ್ಕೆ ಬಂದ ದಿನ ಖುಷಿಗೆ ಕೇಸರಿಬಾತ್ ಮಾಡಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ತಿಂದರು.

ನಾಲ್ಕರಿಂದ ಐದಕ್ಕೆ ಮಾತ್ರ ಕೈ ಹೋಗಲಿಲ್ಲ. ಒಂದು ವಾರವಾಯಿತು, ಎರಡು ವಾರವಾಯಿತು. ಚಳಿ ಜೋರಾಯಿತು. ಒಂದು ಸಂಜೆ ನೋಡಿದರೆ ಕಿಟಕಿಯಲ್ಲಿ ನೀಲಿಯವಳೇ ಇಲ್ಲ. ಧೂಳು ಕೂರುತ್ತದೆಂದು ಒಳಗಿಟ್ಟಿದ್ದೇನೆ ಎಂದರು ಅತ್ತೆ. ಅಂದಿನಿಂದ ಗೋಡೆಯ ಹತ್ತಿರವೂ ಸುಳಿಯಲಿಲ್ಲ. ಆರು ವಾರ ಮುಗಿಯಲು ಇದ್ದದ್ದು ಹನ್ನೆರಡೇ ದಿನ. ನಾಲ್ಕು ದಿನ ತಡೆದುಕೊಂಡೆ. ಐದನೇ ದಿನ ಬಾಚಣಿಗೆ ಹಿಡಿದುಕೊಂಡೇ, ಹಾಗಾದರೆ ಶಿವಮೊಗ್ಗಕ್ಕೇ ಹೋಗೋಣ ಬಿಡಿ, ನನಗೇನು ಎಂದು ಕೂಗಿಬಿಟ್ಟೆ.

ಅತ್ತೆ ಎದ್ದು ಹೋಗಿ ತಮ್ಮ ಟ್ರಂಕಿನಿಂದ ಕರ್ಚೀಫಿನ ಗಂಟೊಂದನ್ನು ತಂದು ನನ್ನ ಕೈಗಿಟ್ಟರು. ಒಳಗೆ ನೀಲಿಯವಳು. ಬಲಗೈ ಹೆಗಲಿನಿಂದ ಮುರಿದು ಬೇರೆಯಾಗಿತ್ತು.

“ಐದಕ್ಕೆ ಏರ್ಸಣ ಅಂತ ಬಲ ಹಾಕ್ದೆ ಮಾರಾಯ್ತಿ, ಟಪ್ ಅಂತು,” ಎಂದರು. “ನಂದೂ ಹಿಂಗೇ ಮುರಿತದೆ.”

ನಿಜ ಹೇಳಬೇಕೆಂದರೆ ನಾನು ಮೊದಲು ಮರುಗಿದ್ದು ಗೊಂಬೆಗಾಗಿ. ಎರಡು ಉಸಿರು ಎಳೆಯುವಷ್ಟು ಹೊತ್ತು, ಅಷ್ಟೇ. ಆಮೇಲೆ ಅತ್ತೆಯ ಮುಖ ಕಂಡಿತು. ಚಳಿಗೆ ಪ್ಲಾಸ್ಟಿಕ್ ಬಿಗಿಯುತ್ತದೆ, ಬಿಗಿದ ಕೀಲಿಗೆ ಬಲ ಹಾಕಬಾರದು, ಮೊದಲು ಬೆಚ್ಚಗೆ ಮಾಡಬೇಕು ಎಂದು ಹೇಳಿದೆ. ನಂಬಲಿಲ್ಲ. ಬೀರುವಿನಿಂದ ಮೊಣಕೈ ಕೀಲು ಬಿಗಿದುಹೋಗಿದ್ದ ಇನ್ನೊಬ್ಬನನ್ನು ತಂದು ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋದೆ. ಹಂಡೆಯಿಂದ ಒಂದು ಚೊಂಬು ಬಿಸಿನೀರು ತೆಗೆದು ಅವನನ್ನು ಅದರಲ್ಲಿ ಮುಳುಗಿಸಿಟ್ಟು ತುಸು ಹೊತ್ತು ಬಿಟ್ಟು ಅತ್ತೆಯ ಕೈಗೆ ಕೊಟ್ಟೆ. ಅವರು ಹೆದರುತ್ತ ಒಂದೇ ಬೆರಳಿನಿಂದ ತಳ್ಳಿದರು. ಮೊಣಕೈ ಸಲೀಸಾಗಿ ಮಡಚಿತು.

ಅತ್ತೆ ಅದನ್ನು ಮಡಚಿ ಬಿಡಿಸಿ, ಮಡಚಿ ಬಿಡಿಸಿ ನೋಡಿದರು. ಆಮೇಲೆ ತಲೆಯೆತ್ತದೆ ಕೇಳಿದರು.

“ಇದಕ್ಕೆಲ್ಲ ಬಿಸಿನೀರು ಹಾಕ್ತಿ. ನಂಗೆ ಎಂತಕ್ಕೆ ಹೇಳ್ಲಿಲ್ಲ?”

ಓಡಿಹೋಗಿ ವ್ಯಾಯಾಮದ ಹಾಳೆ ತೆಗೆದು ನೋಡಿದೆ. ಚಿತ್ರಗಳಿಗಿಂತ ಮೇಲೆ, ಮೊದಲ ಸಾಲಿನಲ್ಲೇ ಬರೆದಿತ್ತು: ವ್ಯಾಯಾಮಕ್ಕೆ ಮುಂಚೆ ಹತ್ತು ನಿಮಿಷ ಬಿಸಿ ಶಾಖ ಕೊಡಬೇಕು. ಪ್ರಶ್ನೆ ಸರಿಯಾಗಿ ಓದಿ ಉತ್ತರ ಬರೆಯಿರಿ ಎಂದು ಇಪ್ಪತ್ತು ವರ್ಷದಿಂದ ಮಕ್ಕಳ ತಲೆ ತಿನ್ನುತ್ತಿರುವವಳು ನಾನು. ನನಗೆ ಕಣ್ಣೀರು ಬಂತು, ಜೊತೆಗೆ ನಗುವೂ ಬಂತು. ಅತ್ತೆ ಬೈಯಲಿಲ್ಲ. ಆ ಅವಕಾಶವನ್ನು ಅವರು ಹೇಗೆ ಬಿಟ್ಟರೆಂದು ಇವತ್ತಿಗೂ ಆಶ್ಚರ್ಯ.

ನೀಲಿಯವಳ ಹೆಗಲಿಗೆ ಗುಂಡುಸೂಜಿಯ ತುಂಡೊಂದನ್ನು ಸೇರಿಸಿ ಅಂಟಿಸಿದೆ. ಕೈ ನಿಂತಿತು, ಆದರೆ ಟಿಕ್ ಹೋಯಿತು. ಲೆಕ್ಕಕ್ಕೆ ಅವಳು ಒದಗದಾದ ಮೇಲೆ ಅತ್ತೆ ಗೋಡೆಗೇ ಪೆನ್ಸಿಲ್ ಗುರುತು ಹಾಕತೊಡಗಿದರು. ಹಂಡೆಯ ನೀರಲ್ಲಿ ಅದ್ದಿ ಹಿಂಡಿದ ಟವೆಲು ಹತ್ತು ನಿಮಿಷ ಹೆಗಲಿನ ಮೇಲೆ, ಆಮೇಲೆ ಗೋಡೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಗುರುತುಗಳು ಮೊದಲು ಒಂದರ ಮೇಲೊಂದು ಬಿದ್ದವು, ಆಮೇಲೆ ಬಿಡಿಬಿಡಿಯಾಗಿ ಮೇಲೇರಿದವು. ಆ ಗೋಡೆಗೆ ಹೊಸದಾಗಿ ಬಣ್ಣ ಹೊಡೆಸಿ ಆರೇ ತಿಂಗಳಾಗಿತ್ತು ಎಂದು ನನ್ನ ಗಂಡ ಒಮ್ಮೆ ಗೊಣಗಿದ್ದಕ್ಕೆ ನಾವಿಬ್ಬರೂ ಒಟ್ಟಿಗೇ ತಿರುಗಿ ನೋಡಿದೆವು.

ಡಾಕ್ಟರ ಎದುರು ಅತ್ತೆಯ ಕೈ ಕಿವಿಯವರೆಗೆ ಹೋಗಲಿಲ್ಲ, ಕೆನ್ನೆಯವರೆಗೆ ಹೋಯಿತು. ಅಷ್ಟು ಸಾಕು, ಶಿವಮೊಗ್ಗ ಬೇಡ, ಇದನ್ನೇ ಬಿಡದೆ ಮಾಡಿ ಎಂದರು ಡಾಕ್ಟರು. ಹೊರಗೆ ಬಂದ ಅತ್ತೆ ಹೋಟೆಲಿಗೆ ಹೋಗೋಣ ಎಂದರು. ನಾನು ಈ ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಎರಡು ಪ್ಲೇಟು ಗೋಳಿಬಜೆ ತಿಂದರು. ಪಕ್ಕದ ಮೇಜಿನವರಿಗೆ, ಕೇಳದಿದ್ದರೂ, ಕೈ ಎತ್ತಿ ತೋರಿಸಿದರು.

ಅದಾಗಿ ಮೂರು ವಾರಕ್ಕೆ ಒಂದು ಬೆಳಿಗ್ಗೆ ನಾನು ಬಾಚಣಿಗೆ ಹಿಡಿದು ಸ್ಟೂಲಿನ ಪಕ್ಕ ನಿಂತಿದ್ದೆ. ಅತ್ತೆ ಕೋಣೆಯಿಂದ ಬಂದರು. ತುರುಬು ಕಟ್ಟಿಕೊಂಡೇ ಬಂದಿದ್ದರು. ಎಡಕ್ಕೆ ಓರೆಯಾಗಿತ್ತು, ಆದರೆ ಬಿಗಿಯಾಗಿತ್ತು. ಸಂತೋಷ ತಡೆಯಲಾರದೆ, ಓರೆಯಾಗಿದೆ ಅತ್ತೆ ಎಂದುಬಿಟ್ಟೆ. ಆಗಲಿ, ನಾನೇ ಕಟ್ಟಿದ್ದಲ್ಲವಾ ಎಂದರು.

ಸಂತೋಷದ ಹಿಂದೆಯೇ ಎಂಥದೋ ಒಂದು ಬೇಸರವೂ ಬಂತು. ಮೂರು ತಿಂಗಳಿಗೂ ಹೆಚ್ಚು ಕಾಲ ದಿನಾ ಬೆಳಿಗ್ಗೆ ನನಗೆ ಬೆನ್ನು ಮಾಡಿ ಕೂತು ಅತ್ತೆ ತಕರಾರಿನ ನಡುವೆ ಬೇರೆ ಮಾತುಗಳನ್ನೂ ಆಡುತ್ತಿದ್ದರು. ಚಿಕ್ಕವರಿದ್ದಾಗ ಸೈಕಲ್ ಕಲಿಯಬೇಕೆಂದಿದ್ದದ್ದು, ಓದಿದ ಸೊಸೆ ಬರುತ್ತಾಳೆಂದು ನನ್ನ ಮದುವೆಯ ಹಿಂದಿನ ವಾರವೆಲ್ಲ ಹೆದರಿಕೊಂಡಿದ್ದದ್ದು. ಮುಖ ನೋಡಿಕೊಂಡು ಅವರು ಇವನ್ನು ಯಾವತ್ತೂ ಹೇಳಿದವರಲ್ಲ. ಇನ್ನು ಹೇಳಲಾರರು ಎಂದುಕೊಂಡು ಬಾಚಣಿಗೆ ಇಡಲು ಹೊರಟೆ.

ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಕೂತ್ಕ,” ಎಂದರು.

ಕೂತೆ. ನನ್ನ ತಲೆ ಬೇರೆಯವರು ಬಾಚಿ ಮೂವತ್ತು ವರ್ಷವಾಗಿರಬೇಕು. ಅವರ ಬಲಗೈ ನನ್ನ ನೆತ್ತಿಯವರೆಗೆ ಬಂತು, ಇಳಿಯಿತು, ಮತ್ತೆ ಬಂತು. ಪ್ರತಿಸಲ ಏರುವಾಗ ನೋವಿಗೆ ಅವರು ಉಸಿರು ಹಿಡಿಯುವುದು ಕೇಳಿಸುತ್ತಿತ್ತು. ಸಾಕು ಎನ್ನಲು ತಲೆ ತಿರುಗಿಸಿದರೆ ಅಲ್ಲಾಡಬೇಡ ಎಂದು ಕೂದಲು ಜಗ್ಗಿದರು. ನಾನು ಹಿಡಿಯಬೇಕಿದ್ದ ನರಸಿಂಹರಾಜಪುರದ ಬಸ್ಸು ಹಾರ್ನ್ ಹೊಡೆದುಕೊಂಡು ರಸ್ತೆಯಲ್ಲಿ ಹೋಯಿತು. ನಾನು ಅಲ್ಲಾಡಲಿಲ್ಲ.